ಮೆಂಬರ್ ಅವಧಿ ಮುಗಿದ ಮೇಲೆ ವಾರ್ಡಿನಲ್ಲಿ ಏನು ಉಳಿಯಿತು: ತುಮಕೂರಿನ ಒಂದು ಪ್ರಕರಣ

2024ರ ಜನವರಿಯಲ್ಲಿ ತುಮಕೂರು ಮಹಾನಗರ ಪಾಲಿಕೆಯ ಚುನಾಯಿತ ಕೌನ್ಸಿಲ್‌ನ ಅವಧಿ ಮುಗಿಯಿತು. 35 ವಾರ್ಡುಗಳ ಸದಸ್ಯರೆಲ್ಲ ಒಟ್ಟಿಗೇ ಮಾಜಿಗಳಾದರು. ಚುನಾವಣೆ ಬೆನ್ನಿಗೇ ನಡೆಯಲಿಲ್ಲ, ಆಡಳಿತಾಧಿಕಾರಿ ಬಂದರು. ಈ ಬರಹ ಆ 35ರಲ್ಲಿ ಒಂದು ವಾರ್ಡಿನದು. ಅಲ್ಲಿನ ಸದಸ್ಯೆ ಬೀದಿಯ ಜನರನ್ನು ಕೂರಿಸಿಕೊಂಡು ಕೆಲಸ ನಿರ್ಧರಿಸುವ ಒಂದು ರೂಢಿ ಹಾಕಿದ್ದರು. ಅವರು ಅಧಿಕಾರದಲ್ಲಿದ್ದಾಗ ಅದು ಹೇಗೆ ನಡೆಯಿತು, ಅವರು ಕುರ್ಚಿ ಬಿಟ್ಟ ಮೇಲೆ ಅದರಲ್ಲಿ ಯಾವುದು ಉಳಿಯಿತು, ಯಾವುದು ಬಿತ್ತು ಅನ್ನುವುದೇ ಇಲ್ಲಿನ ವಿಷಯ.

ನಾನು ಅದೇ ವಾರ್ಡಿನಲ್ಲಿದ್ದೇನೆ, ಸಭೆಗಳಲ್ಲಿ ಕೂತಿದ್ದೇನೆ. ವಾರ್ಡಿನ ಸಂಖ್ಯೆ, ಸದಸ್ಯೆಯ ಹೆಸರು, ಪಕ್ಷ ಯಾವುದನ್ನೂ ಬರೆಯುತ್ತಿಲ್ಲ. ಪಕ್ಷದ ಹೆಸರು ಬಂದ ಕೂಡಲೇ ಮಾತು ಚರಂಡಿಯಿಂದ ಬೇರೆ ಕಡೆ ಹೋಗಿಬಿಡುತ್ತದೆ.

ಕಾಯ್ದೆ ಏನು ಹೇಳುತ್ತದೆ

ಸ್ವಲ್ಪ ಹಿನ್ನೆಲೆ ಬೇಕು. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. ಅದರ 243ಎಸ್ ವಿಧಿಯ ಪ್ರಕಾರ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರದಲ್ಲಿ ವಾರ್ಡ್ ಸಮಿತಿ ಇರಬೇಕು. 2011ರ ಜನಗಣತಿಯಲ್ಲಿ ತುಮಕೂರು 3 ಲಕ್ಷದ ಗೆರೆಯನ್ನು ಸ್ವಲ್ಪದರಲ್ಲಿ ದಾಟಿತು. ಲೆಕ್ಕ ಹಾಕಿದರೆ ಒಂದು ವಾರ್ಡಿಗೆ ಸರಾಸರಿ 8,500ಕ್ಕಿಂತ ಜಾಸ್ತಿ ಜನ. ಇಷ್ಟು ಜನರಿರುವ ಹಳ್ಳಿಗಳಾದರೆ ಗ್ರಾಮ ಪಂಚಾಯಿತಿಯಲ್ಲಿ ಹತ್ತಾರು ಸದಸ್ಯರಿರುತ್ತಾರೆ, ಗ್ರಾಮಸಭೆ ಇರುತ್ತದೆ. ನಗರದಲ್ಲಿ ಒಬ್ಬರೇ ಸದಸ್ಯರು.

ಈ ಕೊರತೆ ತುಂಬಲೆಂದೇ ಪೌರನಿಗಮಗಳ 1976ರ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ತಂದು ವಾರ್ಡಿಗೊಂದು ಸಮಿತಿ ಎಂದು ಸೇರಿಸಿದರು. ಅದರ ನಿಯಮಗಳು 2016ರಲ್ಲಿ ಬಂದವು. ವಾರ್ಡಿನ ಸದಸ್ಯರೇ ಅಧ್ಯಕ್ಷರು. ಅವರ ಜೊತೆ ಹತ್ತು ಜನ. ಅದರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು ಇರಬೇಕು. ತಿಂಗಳಿಗೊಮ್ಮೆ ಸಭೆ ಸೇರಬೇಕು. ವಾರ್ಡಿನ ಅಭಿವೃದ್ಧಿ ಯೋಜನೆ ತಯಾರಿಸುವುದು, ಕಸ ವಿಲೇವಾರಿ ನೋಡಿಕೊಳ್ಳುವುದು, ನೀರಿನ ವ್ಯವಸ್ಥೆ ಗಮನಿಸುವುದು ಅದರ ಕೆಲಸ.

ನಮ್ಮ ವಾರ್ಡಿನಲ್ಲಿ ನಡೆದದ್ದು ಇಂಥ ಅಧಿಸೂಚನೆಯಿಂದ ಹುಟ್ಟಿದ ಸಮಿತಿ ಅಲ್ಲ. ಸದಸ್ಯೆ ತಾವಾಗಿಯೇ ಕರೆದ ಸಭೆ. ಈ ವ್ಯತ್ಯಾಸ ಆಗ ಯಾರಿಗೂ ದೊಡ್ಡದಾಗಿ ಕಾಣಲಿಲ್ಲ. ಕೊನೆಯಲ್ಲಿ ಎಲ್ಲವೂ ಅದರ ಮೇಲೆಯೇ ನಿಂತಿತು.

ಶುರುವಾದದ್ದು ಫೋನಿನಿಂದ

ಅವರು ಗೆದ್ದದ್ದು 2018ರ ಚುನಾವಣೆಯಲ್ಲಿ, ಮಹಿಳೆಗೆ ಮೀಸಲಾದ ವಾರ್ಡಿನಿಂದ. ಮೊದಲ ತಿಂಗಳುಗಳಲ್ಲಿ ಜನ ಫೋನ್ ಮಾಡುತ್ತಿದ್ದದ್ದು ಅವರ ಗಂಡನಿಗೆ. ಇದು ಎಲ್ಲ ಕಡೆ ನಡೆಯುವುದೇ. ಆದರೆ ಇವರು ಅದನ್ನು ಸುಮ್ನೆ ಬಿಡಲಿಲ್ಲ. "ನೀರಿನ ವಿಷಯ ನನಗೇ ಹೇಳಿ ಅಣ್ಣಾ. ಅವರಿಗೆ ಹೇಳಿದ್ರೆ ನನ್ನ ಕಿವಿಗೆ ಬರೋ ಹೊತ್ತಿಗೆ ಅರ್ಧ ಆಗಿರುತ್ತೆ" ಎಂದು ಹೇಳಿ ಹೇಳಿ ಅಭ್ಯಾಸ ಬಿಡಿಸಿದರು.

ಫೋನ್ ಅವರ ಕೈಗೆ ಬಂದ ಮೇಲೆ ಇನ್ನೊಂದು ವಿಷಯ ಗೊತ್ತಾಯಿತು. ಕರೆ ಮಾಡುವವರು ಹೆಚ್ಚುಕಮ್ಮಿ ಅದೇ ಜನ, ಅದೇ ಮುಂದಿನ ಬೀದಿಗಳವರು. ಬೀದಿದೀಪ, ನೀರು, ಕಸದ ಆಟೋ, ಖಾತೆ. ಬಂದ ಕರೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬೀದಿವಾರು ಬರೆಯತೊಡಗಿದರು. ಹಿಂದಿನ ಬೀದಿಗಳ ಪುಟಗಳು ಖಾಲಿಯಾಗಿದ್ದವು. ಅಲ್ಲಿ ತೊಂದರೆ ಕಡಿಮೆ ಇತ್ತು ಅಂತಲ್ಲ, ಅಲ್ಲಿಂದ ಫೋನ್ ಬರುತ್ತಿರಲಿಲ್ಲ ಅಷ್ಟೇ. ತಿಂಗಳ ಸಭೆ ಅನ್ನುವ ಯೋಚನೆ ಆ ಖಾಲಿ ಪುಟಗಳಿಂದ ಬಂತು ಎಂದು ಅವರು ಆಮೇಲೆ ಹೇಳಿದ್ದರು.

ನೀರಿನ ಗೋಡೆ

ಮೊದಲು ಕೈ ಹಾಕಿದ್ದು ನೀರಿಗೆ. ತುಮಕೂರಿನ ಕುಡಿಯುವ ನೀರು ಬಹುಮಟ್ಟಿಗೆ ಹೇಮಾವತಿಯದು. ಗೊರೂರಿನ ಅಣೆಕಟ್ಟಿನಿಂದ ನಾಲೆಯಲ್ಲಿ ಹರಿದು ಬಂದು ಬುಗುಡನಹಳ್ಳಿ ಕೆರೆ ತುಂಬುತ್ತದೆ. ಅಲ್ಲಿಂದ ನಗರದ ಟ್ಯಾಂಕುಗಳಿಗೆ, ಟ್ಯಾಂಕಿನಿಂದ ಬೀದಿಗೆ. ನಾಲೆಗೆ ನೀರು ಬಿಡದಿದ್ದರೆ, ಬೇಸಿಗೆಯಲ್ಲಿ ಕೆರೆ ಇಳಿದರೆ, ಯಾವ ಮೆಂಬರ್ ಏನೂ ಮಾಡುವಂತಿಲ್ಲ. ಹಾಗಾಗಿ ನೀರು ಜಾಸ್ತಿ ಕೊಡಿಸುತ್ತೇನೆ ಎಂದು ಅವರು ಯಾವತ್ತೂ ಹೇಳಲಿಲ್ಲ. ಹೇಳಿದ್ದು ಒಂದೇ: ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಮೊದಲೇ ತಿಳಿಸೋಣ.

ವಾಲ್ವ್‌ಮನ್ ಜೊತೆ ಕೂತು ಯಾವ ವಾಲ್ವ್ ಯಾವ ಬೀದಿಗೆ ಅನ್ನುವುದನ್ನು ಬರೆದುಕೊಂಡರು. ಅದು ಅಲ್ಲಿಯವರೆಗೆ ವಾಲ್ವ್‌ಮನ್ ತಲೆಯಲ್ಲಿ ಮಾತ್ರ ಇತ್ತು. ನ್ಯಾಯಬೆಲೆ ಅಂಗಡಿಯ ಗೋಡೆಯ ಮೇಲೆ ಕಪ್ಪು ಹಲಗೆ ಬಂತು. ಬೀದಿ, ದಿನ, ಹೊತ್ತು. ನೀರು ಬಿಡಲಾಗದ ದಿನ ಕಾರಣವನ್ನೂ ಬರೆಯಬೇಕು: ಪೈಪ್ ಒಡೆದಿದೆ, ಕರೆಂಟ್ ಇಲ್ಲ, ಟ್ಯಾಂಕ್ ತುಂಬಿಲ್ಲ.

ನೀರು ಒಂದು ಬಿಂದಿಗೆಯೂ ಹೆಚ್ಚಲಿಲ್ಲ. ಆದರೆ ನಲ್ಲಿ ಕಾಯುತ್ತಾ ರಾತ್ರಿಯೆಲ್ಲ ಎದ್ದಿರುವುದು ತಪ್ಪಿತು. ವಾಲ್ವ್‌ಮನ್ ಬೈಗುಳ ತಿನ್ನುವುದು ತಪ್ಪಿತು. ನಗರಾಡಳಿತದ ಸುಧಾರಣೆ ಅಂದರೆ ಕೋಟಿಗಳ ಯೋಜನೆ ಎಂದುಕೊಂಡವರು ಈ ಹಲಗೆಯನ್ನು ನೋಡಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ರಸ್ತೆಯೋ ಚರಂಡಿಯೋ

ಪ್ರಕರಣದ ನಡುಮನೆ ಇದು. ಪ್ರತಿ ವರ್ಷ ಕಾಮಗಾರಿಗಳ ಕ್ರಿಯಾ ಯೋಜನೆ ತಯಾರಾಗುವಾಗ ವಾರ್ಡಿನ ಸದಸ್ಯರಿಂದ ಕೆಲಸಗಳ ಪಟ್ಟಿ ಕೇಳುತ್ತಾರೆ. ಪಟ್ಟಿ ಸಾಮಾನ್ಯವಾಗಿ ಸದಸ್ಯರ ಮನೆಯಲ್ಲೇ ಮುಗಿಯುತ್ತದೆ. ಇವರು ಅದನ್ನು ಸಭೆಗೆ ತಂದರು.

ಸಭೆ ಭಾನುವಾರ ಬೆಳಿಗ್ಗೆ 11ಕ್ಕೆ, ಮುಂದಿನ ಬೀದಿಯ ಸಮುದಾಯ ಭವನದಲ್ಲಿ. ಜನ ಚೆನ್ನಾಗಿಯೇ ಬಂದರು. ನಿವೃತ್ತ ನೌಕರರು, ಮನೆ ಮಾಲೀಕರು, ಅಂಗಡಿಯವರು. ಮುಖ್ಯ ಬೀದಿಗೆ ಕಾಂಕ್ರೀಟ್ ರಸ್ತೆ ಬೇಕು ಎಂದು ಒಬ್ಬರು ಹೇಳಿದರು, ಉಳಿದವರು ಕೈ ಎತ್ತಿದರು. ಎಲ್ಲರ ಒಪ್ಪಿಗೆ. ಕಾಗದದ ಮೇಲೆ ನೋಡಿದರೆ ಜನರ ಭಾಗವಹಿಸುವಿಕೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗದು.

ಸಭೆ ಮುಗಿದು ಎಲ್ಲರೂ ಏಳುವಾಗ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಹತ್ತಿರ ಬಂದು ಹೇಳಿದರು: "ಅಕ್ಕಾ, ಹಿಂದಿನ ಬೀದಿಯವರು ಒಬ್ರೂ ಬಂದಿಲ್ಲ. ಅವರನ್ನ ಕೇಳದೇ ಬರ್ಕೊಂಡ್ರಾ?"

ಹಿಂದಿನ ಬೀದಿಯ ಹೆಂಗಸರು ಬೀಡಿ ಕಟ್ಟುವವರು. ಭಾನುವಾರ ಬೆಳಿಗ್ಗೆ ಅವರಿಗೆ ವಾರದ ಬಟ್ಟೆ, ನೀರು, ಮನೆಕೆಲಸ. ಗಂಡಸರಲ್ಲಿ ಹಲವರು ಗಾರೆ ಕೆಲಸದವರು, ಬಟವಾಡಿಯ ಎಪಿಎಂಸಿ ಯಾರ್ಡಿನ ಹಮಾಲಿಗಳು. ಭವನದೊಳಗೆ ಬಂದು ಕುರ್ಚಿಯಲ್ಲಿ ಕೂರುವ ಸಂಕೋಚವೂ ಇತ್ತು. ಅದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ.

ಸದಸ್ಯೆ ಪಟ್ಟಿ ಕೊಡದೆ ತಡೆದರು. ವಾರದೊಳಗೆ ಇನ್ನೊಂದು ಸಭೆ ಕರೆದರು. ಈ ಸಲ ಸಂಜೆ 7ಕ್ಕೆ, ಅಂಗನವಾಡಿ ಮುಂದೆ, ಚಾಪೆ ಹಾಸಿ. ಹೆಂಗಸರು ಬೀಡಿ ಮೊರ ತಂದುಕೊಂಡೇ ಕೂತರು. ಮಾತಾಡುತ್ತಾ ಕೈ ಕೆಲಸ ಮಾಡುತ್ತಿತ್ತು. ಅಲ್ಲಿ ರಸ್ತೆಯ ಸುದ್ದಿಯೇ ಬರಲಿಲ್ಲ. ಮಳೆ ಜೋರಾದರೆ ಮೋರಿ ನೀರು ಮನೆಯೊಳಗೆ ನುಗ್ಗುತ್ತದೆ, ಅಕ್ಕಿ ಚೀಲ ಅಟ್ಟಕ್ಕೆ ಏರಿಸಬೇಕು, ಎಲೆ ನೆಂದರೆ ಆ ವಾರದ ಕೂಲಿ ಹೋದಂತೆ. ಇದನ್ನೇ ಒಬ್ಬೊಬ್ಬರೂ ಒಂದೊಂದು ರೀತಿಯಲ್ಲಿ ಹೇಳಿದರು.

ಮರುದಿನ ಇಂಜಿನಿಯರ್ ಜೊತೆ ಚರಂಡಿಯ ಉದ್ದಕ್ಕೂ ನಡೆದರು. ನಾವೂ ಒಂದಷ್ಟು ಜನ ಹೋದೆವು. ಅಲ್ಲಿ ಇಂಜಿನಿಯರ್ ಹೇಳಿದ ಮಾತು ಇಡೀ ಚರ್ಚೆಯ ದಿಕ್ಕು ಬದಲಿಸಿತು. ಹಿಂದಿನ ಬೀದಿಯಲ್ಲಿ ಮಾತ್ರ ಕಾಂಕ್ರೀಟ್ ಚರಂಡಿ ಕಟ್ಟಿದರೆ ಪ್ರಯೋಜನವಿಲ್ಲ. ನೀರು ಹೋಗಿ ಸೇರುವ ಕಡೆ ಹೂಳು ತುಂಬಿದೆ, ದಾರಿ ಕಿರಿದಾಗಿದೆ. ಮೇಲಿನಿಂದ ಕಟ್ಟುತ್ತಾ ಹೋದರೆ ನೀರು ಇನ್ನೂ ವೇಗವಾಗಿ ಬಂದು ಕೆಳಗಿನ ಬೀದಿಗೆ ನುಗ್ಗುತ್ತದೆ. ಚರಂಡಿ ಕೆಲಸ ಯಾವಾಗಲೂ ತಗ್ಗಿನಿಂದ ಶುರುವಾಗಿ ಏರಿನ ಕಡೆಗೆ ಬರಬೇಕು. ಅಂದರೆ ಮೊದಲ ಹಣ ಹೋಗಬೇಕಾದದ್ದು ರಸ್ತೆ ಕೇಳಿದವರ ಬೀದಿಗೂ ಅಲ್ಲ, ಚರಂಡಿ ಕೇಳಿದವರ ಬೀದಿಗೂ ಅಲ್ಲ. ಏನೂ ಕೇಳದ ಮೂರನೆಯ ಬೀದಿಗೆ. ಜನರ ಅಭಿಪ್ರಾಯ ಕೇಳಿದರೆ ಸಾಕು ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಜನ ನೋವು ಹೇಳುತ್ತಾರೆ, ಅದು ಎಲ್ಲಿಂದ ಬರುತ್ತಿದೆ ಎಂದು ಹೇಳಲು ತಿಳಿದವರೂ ಜೊತೆಯಲ್ಲಿ ನಡೆಯಬೇಕು.

ಇನ್ನು ದುಡ್ಡಿನ ಮಾತು. ಮೂರನೇ ಸಭೆಯಲ್ಲಿ ಎರಡೂ ಬೀದಿಯವರನ್ನು ಒಟ್ಟಿಗೆ ಕೂರಿಸಿದರು. ಯಾವ ದುಡ್ಡನ್ನು ಯಾವುದಕ್ಕೆ ಬಳಸಬಹುದು ಎಂದು ಅಲ್ಲಿ ಬಿಡಿಸಿ ಹೇಳಿದರು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನಮ್ಮಂಥ ನಗರಗಳಿಗೆ ಶೇ. 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದ ಹಣ. ರಸ್ತೆಗೆ ಅದನ್ನು ಮುಟ್ಟುವಂತಿರಲಿಲ್ಲ. ಉಳಿದ ಶೇ. 40ರಲ್ಲಿ ಎಲ್ಲರೂ ಪಾಲು ಕೇಳಬೇಕಿತ್ತು. ನಗರ ಸಂಸ್ಥೆಯ ಸ್ವಂತ ಆದಾಯ ಮುಂತಾದ ನಿಧಿಯಲ್ಲಿ ಶೇ. 24.10 ಪರಿಶಿಷ್ಟ ಜಾತಿ, ಪಂಗಡದವರಿಗಾಗಿ, ಶೇ. 7.25 ಇತರ ಬಡವರಿಗಾಗಿ, ಶೇ. 5 ಅಂಗವಿಕಲರಿಗಾಗಿ ಮೀಸಲು.

ಹಿಂದಿನ ಬೀದಿಯ ಹಿರಿಯರೊಬ್ಬರು ಎದ್ದು ಕೇಳಿದರು: "ನಮ್ಮ ಹೆಸರಲ್ಲಿ ದುಡ್ಡು ಇಟ್ಟಿರ್ತಾರೆ ಅಂತ ಇಷ್ಟು ವರ್ಷ ಯಾಕೆ ಯಾರೂ ಹೇಳ್ಲಿಲ್ಲ ತಾಯಿ?" ಅದಕ್ಕೆ ಅಲ್ಲಿದ್ದ ಯಾರ ಬಳಿಯೂ ಉತ್ತರ ಇರಲಿಲ್ಲ. ಆ ಸಭೆಯಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದು ಆ ಪ್ರಶ್ನೆಯೇ. ಅಂದಿನಿಂದ ಆ ಬೀದಿಯವರು ಸಭೆಯಲ್ಲಿ ಕೇಳಿಕೊಳ್ಳುವುದನ್ನು ಬಿಟ್ಟು ಲೆಕ್ಕ ಕೇಳತೊಡಗಿದರು.

ಕೊನೆಗೆ ಒಪ್ಪಂದ ಹೀಗಾಯಿತು. ತಗ್ಗಿನ ಭಾಗದ ಹೂಳು ತೆಗೆದು ಚರಂಡಿ ಅಗಲ ಮಾಡುವುದು ಸಾಮಾನ್ಯ ನಿಧಿಯಿಂದ. ಹಿಂದಿನ ಬೀದಿಯ ಚರಂಡಿ ಮೀಸಲು ನಿಧಿಯಿಂದ. ಮುಖ್ಯ ಬೀದಿಗೆ ಆ ವರ್ಷ ಗುಂಡಿ ಮುಚ್ಚುವ ಪ್ಯಾಚ್ ವರ್ಕ್ ಮಾತ್ರ. ಮುಂದಿನ ಬೀದಿಯವರಲ್ಲಿ ಕೆಲವರು ಸಿಟ್ಟಾದರು, ಮುಂದಿನ ಸಭೆಗೆ ಬರಲಿಲ್ಲ. ಒಬ್ಬರಂತೂ "ತೆರಿಗೆ ಕಟ್ಟೋರು ನಾವು" ಎಂದು ಎದ್ದು ಹೋದರು. ಸದಸ್ಯೆ ಅವರ ಮನೆಗೇ ಹೋಗಿ ಮಾತಾಡಿದರು. ಒಪ್ಪಿಸಲಾಗಲಿಲ್ಲ. ಎಲ್ಲರೂ ಖುಷಿಯಾದರು ಎಂದು ಬರೆದರೆ ಸುಳ್ಳಾಗುತ್ತದೆ.

ಕೆಲಸ ನಡೆಯುವಾಗ

ಅದೇ ಗೋಡೆಯ ಮೇಲೆ ಎಸ್ಟಿಮೇಟ್ ಬಂತು. ಉದ್ದ, ಅಗಲ, ಕಾಂಕ್ರೀಟಿನ ದಪ್ಪ, ಮೊತ್ತ, ಗುತ್ತಿಗೆದಾರ, ಮುಗಿಯಬೇಕಾದ ದಿನ. ಇದೆಲ್ಲ ಗುಟ್ಟೇನಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಕಲಂ ಪ್ರಕಾರ ಕಚೇರಿಗಳು ಇಂಥ ಮಾಹಿತಿಯನ್ನು ಯಾರೂ ಅರ್ಜಿ ಹಾಕದೆಯೇ ಪ್ರಕಟಿಸಬೇಕು. ಆದರೆ ಗೋಡೆಯ ಮೇಲೆ ಬರೆದಾಗ ಬೀದಿಯೇ ಬದಲಾಯಿತು.

ಗಾರೆ ಮೇಸ್ತ್ರಿಯಾಗಿದ್ದ ಹಿರಿಯರೊಬ್ಬರು ಟೇಪ್ ಹಿಡಿದು ದಪ್ಪ ಅಳೆದರು. ಹೆಂಗಸರು ಕಾಂಕ್ರೀಟಿನ ಮೇಲೆ ಗೋಣಿತಟ್ಟು ಹಾಸಿ ಕ್ಯೂರಿಂಗ್ ಆಗುತ್ತಿದೆಯಾ ಎಂದು ನೋಡಿಕೊಂಡರು. ಏಳು ದಿನವಾದರೂ ನೀರು ಉಣಿಸಬೇಕು ಅನ್ನುವುದು ಗಾರೆ ಕೆಲಸದ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಗುತ್ತಿಗೆದಾರನ ಕಡೆಯವರಿಗೆ ಇದು ಕಿರಿಕಿರಿ. "ಎಲ್ಲರೂ ಇಂಜಿನಿಯರ್ ಆಗ್ಬಿಟ್ರೆ ನಾವು ಕೆಲಸ ಮಾಡೋದು ಹೆಂಗೆ?" ಎಂದರು. ಸದಸ್ಯೆ ಒಂದು ಕಟ್ಟುಪಾಡು ಹಾಕಿದರು. ಕೆಲಸದವರ ಜೊತೆ ಯಾರೂ ಜಗಳ ಆಡಬಾರದು. ಕಂಡದ್ದನ್ನು ಪುಸ್ತಕದಲ್ಲಿ ಬರೆಯಬೇಕು. ಸಂಜೆ ಇಂಜಿನಿಯರ್ ಬಂದು ಓದಬೇಕು. ಮೊದಲು ಹಿಂಜರಿದ ಇಂಜಿನಿಯರ್ ಆಮೇಲೆ ಆ ಪುಸ್ತಕವನ್ನೇ ನೆಚ್ಚಿಕೊಂಡರು. ಹಲವು ವಾರ್ಡು ನೋಡಿಕೊಳ್ಳುವವರಿಗೆ ದಿನಾ ಬಂದು ನಿಲ್ಲುವುದು ಸಾಧ್ಯವಿಲ್ಲ, ಬೀದಿಯ ಕಣ್ಣು ಅವರಿಗೂ ಉಪಯೋಗಕ್ಕೆ ಬಂತು.

ಕಸದ ವಿಷಯದಲ್ಲಿ ಹೇಳಿಕೊಳ್ಳುವಂಥದ್ದು ಕಡಿಮೆ. ಹಸಿ, ಒಣ ಬೇರ್ಪಡಿಸಿ ಎಂದು ಘನತ್ಯಾಜ್ಯ ನಿರ್ವಹಣೆಯ 2016ರ ನಿಯಮ ಹೇಳುತ್ತಿತ್ತು. ಕೆಲವು ಬೀದಿ ಮಾಡಿದವು, ಕೆಲವು ಮಾಡಲಿಲ್ಲ. ಕೊರೊನಾ ಬಂದಾಗ ಸಭೆಗಳೇ ನಿಂತು ಮತ್ತೆ ಕೂಡಿಸಲು ಕಷ್ಟವಾಯಿತು.

ಕೈಗೆ ಎಟುಕದ್ದು

ಸದಸ್ಯರ ಕೈಯಲ್ಲಿ ಎಷ್ಟಿದೆ ಅನ್ನುವುದನ್ನೂ ನೋಡಬೇಕು. ಆ ಅವಧಿಯಲ್ಲಿ ಮೇಯರ್ ಹುದ್ದೆ ಒಂದೊಂದೇ ವರ್ಷದ್ದು. ಮೇಯರ್‌ಗೆ ಫೈಲುಗಳ ಪರಿಚಯ ಆಗುವ ಹೊತ್ತಿಗೆ ವರ್ಷ ಮುಗಿದಿರುತ್ತದೆ. ಇನ್ನೊಂದು ಕಡೆ ಸ್ಮಾರ್ಟ್ ಸಿಟಿ. ಕೇಂದ್ರ 2015ರ ಜೂನ್‌ನಲ್ಲಿ ಶುರು ಮಾಡಿದ ಈ ಯೋಜನೆಗೆ ತುಮಕೂರು 2016ರಲ್ಲಿ ಆಯ್ಕೆಯಾಯಿತು. ಅದರ ನಿಯಮದಂತೆ ಕೆಲಸ ನಡೆಸುತ್ತಿದ್ದದ್ದು ಪ್ರತ್ಯೇಕ ಕಂಪನಿ, ತೀರ್ಮಾನ ಅದರ ನಿರ್ದೇಶಕ ಮಂಡಳಿಯದು. ವಾರ್ಡಿನ ಸದಸ್ಯರ ಪಟ್ಟಿಗೂ ಅದಕ್ಕೂ ನೇರ ಸಂಬಂಧವಿರಲಿಲ್ಲ.

ನಮ್ಮ ವಾರ್ಡಿನ ಒಂದು ರಸ್ತೆಯನ್ನು ಒಬ್ಬರು ಅಗೆದು ಮುಚ್ಚಿದರು, ಸ್ವಲ್ಪ ದಿನಕ್ಕೆ ಇನ್ನೊಬ್ಬರು ಬಂದು ಅಗೆದರು. ಜನ ಬಂದು ಕೇಳಿದ್ದು ಸದಸ್ಯೆಯನ್ನು. ಅವರ ಬಳಿ ಆ ಕೆಲಸದ ಕಾಗದವೇ ಇರಲಿಲ್ಲ. ಹಲಗೆಯ ಮೇಲೆ "ಈ ಕೆಲಸ ವಾರ್ಡ್ ಪಟ್ಟಿಯದಲ್ಲ, ಕೇಳಬೇಕಾದ ಕಚೇರಿ ಇದು" ಎಂದು ವಿಳಾಸ ಬರೆದರು. ಬೇರೆಯವರಾಗಿದ್ದರೆ ನೋಡೋಣ, ಮಾಡಿಸೋಣ ಎಂದು ಸಾಗಹಾಕುತ್ತಿದ್ದರೇನೋ. ತನ್ನ ಕೈಯಲ್ಲಿ ಇಲ್ಲ ಎಂದು ಬರೆದು ಹಾಕಲು ಧೈರ್ಯ ಬೇಕು. ಓಟು ಕೇಳಿ ಬಂದವರನ್ನು ಪ್ರಶ್ನೆಗೆ ನಿಲ್ಲಿಸಿ, ತೀರ್ಮಾನವನ್ನು ಬೇರೆ ಕಡೆ ಇಡುವ ವ್ಯವಸ್ಥೆ ನ್ಯಾಯವಾದದ್ದಲ್ಲ.

ಅವಧಿ ಮುಗಿದ ಮೇಲೆ

2024ರ ಜನವರಿಯ ನಂತರ ನೀರಿನ ಹಲಗೆ ನಿಲ್ಲಲಿಲ್ಲ, ನಡೆಯುತ್ತಲೇ ಇದೆ. ಅದರಿಂದ ವಾಲ್ವ್‌ಮನ್‌ಗೇ ಅನುಕೂಲ, ಹಾಗಾಗಿ ಅವರೇ ಬರೆಯುತ್ತಾರೆ. ಮಳೆಗಾಲಕ್ಕೆ ಮುಂಚೆ ಚರಂಡಿ ಹೂಳು ತೆಗೆಸಲು ಹಿಂದಿನ ಬೀದಿಯವರು ತಾವೇ ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಪಡೆದು ಬರುತ್ತಾರೆ. ಇದು ಸಣ್ಣದಲ್ಲ.

ಬಿದ್ದುಹೋದದ್ದು ಕ್ರಿಯಾ ಯೋಜನೆಯ ಸಭೆ. ಪಟ್ಟಿ ಕೇಳಲು ಸದಸ್ಯರೇ ಇಲ್ಲ. ಕೆಲಸಗಳು ಬಂದವು, ಯಾವುದು ಮೊದಲು ಎಂದು ಬೀದಿಯಲ್ಲಿ ಯಾರೂ ಕೇಳಲಿಲ್ಲ. ಎಸ್ಟಿಮೇಟ್ ಗೋಡೆಗೆ ಬರುವುದು ನಿಂತಿತು. ನಾವು ಕೆಲವರು ತಿಂಗಳ ಸಭೆ ಮುಂದುವರಿಸಿದೆವು. ಮೊದಲು ಕಾಣೆಯಾದದ್ದು ಹಿಂದಿನ ಬೀದಿಯ ಹೆಂಗಸರು. ಇಂಜಿನಿಯರ್ ಬರದ, ಪಟ್ಟಿ ತಯಾರಾಗದ ಸಭೆಗೆ ಒಂದು ಸಂಜೆಯ ದುಡಿಮೆ ಬಿಟ್ಟು ಯಾಕೆ ಬರಬೇಕು? ಅವರ ಲೆಕ್ಕ ಸರಿಯಾಗಿದೆ.

ಮುಂದಿನ ಬೀದಿಯವರಿಗೆ ಅಷ್ಟು ನಷ್ಟವಾಗಲಿಲ್ಲ. ಅವರಲ್ಲಿ ಕೆಲವರಿಗೆ ಅಧಿಕಾರಿಗಳ ನಂಬರ್ ಗೊತ್ತು, ಕಚೇರಿಗೆ ಹೋಗಿ ಕೂತು ಮಾತಾಡುವ ಅಭ್ಯಾಸ ಇದೆ. ಚುನಾಯಿತ ಸದಸ್ಯರಿಲ್ಲದಿದ್ದರೆ ಪೆಟ್ಟು ಬೀಳುವುದು ಬೇರೆ ಬಾಗಿಲು ಇಲ್ಲದವರಿಗೆ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕು ಎಂದು ಸಂವಿಧಾನದ 243ಯು ವಿಧಿ ಹೇಳುವುದು ಸುಮ್ನೆ ಅಲ್ಲ.

ಆ ಸದಸ್ಯೆಯನ್ನು ಇತ್ತೀಚೆಗೆ ಕೇಳಿದೆ: ಸಭೆಯ ತೀರ್ಮಾನಗಳನ್ನು ಕಚೇರಿಯ ದಾಖಲೆಗೆ ಯಾಕೆ ಸೇರಿಸಲಿಲ್ಲ? "ಅಲ್ಲಿ ಕೊಟ್ರೆ ಅಲ್ಲೇ ನಿಂತುಬಿಡುತ್ತೆ ಅಂತ ಹೆದರಿಕೆ ಇತ್ತು. ನನ್ನ ಹತ್ರ ಇದ್ರೆ ನಡೆಯುತ್ತೆ ಅಂದ್ಕೊಂಡೆ" ಎಂದರು. ನಡೆಯಿತು ನಿಜ, ಅವರಿರುವವರೆಗೆ. ಆ ಪುಸ್ತಕಗಳೆಲ್ಲ ಈಗ ಅವರ ಮನೆಯಲ್ಲಿವೆ. ಕಚೇರಿಯಲ್ಲಿ ಒಂದು ಪ್ರತಿಯೂ ಇಲ್ಲ. ಅಧಿಕೃತ ವಾರ್ಡ್ ಸಮಿತಿ ಕೇಳಲು ಅವರಿಗೆ ಇನ್ನೊಂದು ಅಳುಕೂ ಇತ್ತು. ಸಮಿತಿಯಲ್ಲಿ ಹೆಸರು ಮಾಡಿದವರು ನಾಳೆ ಎದುರಾಳಿಯಾಗಿ ನಿಲ್ಲುತ್ತಾರೆ ಎಂದು ಅವರ ಜೊತೆಗಿದ್ದವರು ಹೇಳುತ್ತಿದ್ದರಂತೆ. ಆದರೆ ಮೀಸಲಾತಿ ಪಟ್ಟಿ ಪ್ರತಿ ಸಲ ಬದಲಾಗುತ್ತದೆ. ಅದೇ ವಾರ್ಡಿನಿಂದ ಮತ್ತೆ ನಿಲ್ಲುವ ಖಾತ್ರಿ ಯಾರಿಗೂ ಇಲ್ಲ. ಹಾಗಿರುವಾಗ ರೂಢಿಯನ್ನು ತನ್ನ ಕೈಯಿಂದ ನಿಯಮದ ಕೈಗೆ ದಾಟಿಸುವುದೇ ಸದಸ್ಯರೊಬ್ಬರು ಮಾಡಬಹುದಾದ ದೊಡ್ಡ ಸುಧಾರಣೆ ಎಂದು ನಾನು ನಂಬುತ್ತೇನೆ. ಇಷ್ಟೆಲ್ಲ ಮಾಡಿದ ಅವರಿಂದ ಅದೊಂದು ಆಗಲಿಲ್ಲ.

ಸದಸ್ಯರಿಲ್ಲದಾಗಲೂ ದಾರಿ ಇದೆ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದಾಗ ವಾರ್ಡುಗಳಿಗೆ ನೋಡಲ್ ಅಧಿಕಾರಿಗಳನ್ನು ನೇಮಿಸಿ ವಾರ್ಡ್ ಸಮಿತಿ ಸಭೆಗಳನ್ನು ಮುಂದುವರಿಸಿದರು. ಅದರಲ್ಲಿ ಕುಂದುಕೊರತೆ ಇರಬಹುದು, ಆದರೆ ಬಾಗಿಲು ಪೂರ್ತಿ ಮುಚ್ಚಲಿಲ್ಲ. ನಾವು ಕೊಟ್ಟ ಮನವಿಯಲ್ಲಿ ಇದನ್ನೇ ಕೇಳಿದ್ದೇವೆ. ತಿಂಗಳಿಗೊಮ್ಮೆ ವಾರ್ಡಿನ ಇಂಜಿನಿಯರ್, ಆರೋಗ್ಯ ನಿರೀಕ್ಷಕರು, ಬಿಲ್ ಕಲೆಕ್ಟರ್ ಮೂವರೂ ಒಂದೇ ಕಡೆ ಕೂರಬೇಕು, ಅದೂ ಸಂಜೆ 7ಕ್ಕೆ, ಅಂಗನವಾಡಿ ಮುಂದೆ. ಯಾವುದೇ ಕೆಲಸ ಶುರುವಾಗುವ ಮೊದಲು ಎಸ್ಟಿಮೇಟ್ ಗೋಡೆಗೆ ಬರಬೇಕು. ನಡಾವಳಿಯ ಒಂದು ಪ್ರತಿ ಕಚೇರಿಯಲ್ಲಿ, ಒಂದು ಪ್ರತಿ ನ್ಯಾಯಬೆಲೆ ಅಂಗಡಿಯಲ್ಲಿ ಇರಬೇಕು.

ಎಸ್ಟಿಮೇಟ್ ಹಾಕಲು ಅಡ್ಡಿಯಿಲ್ಲ ಎಂದು ಪಾಲಿಕೆಯವರು ಬಾಯಿಮಾತಿನಲ್ಲಿ ಹೇಳಿದ್ದಾರೆ. ಉಳಿದ ಎರಡಕ್ಕೆ ಆದೇಶ ಬೇಕಂತೆ. ಆದೇಶ ಕೇಳಿ ಕೊಟ್ಟ ಎರಡನೇ ಅರ್ಜಿಗೆ ಹಿಂದಿನ ಬೀದಿಯ ಹೆಂಗಸರೇ ಮೊದಲು ಸಹಿ ಹಾಕಿದ್ದಾರೆ.